ಬಾಮೈದನ ಮಷೀನು

ಹನ್ನೊಂದು ವರ್ಷ ಆ ಬಸ್ ಕಂಪನಿಯ ವೆಬ್‌ಸೈಟು ಅವನ ಕೈಯಲ್ಲಿತ್ತು. ಕಚೇರಿಯ ಹಿಂಬದಿಯ ತಣ್ಣನೆಯ ಕೋಣೆಯಲ್ಲಿ ಸದಾ ಗುಂಯ್‌ಗುಡುತ್ತಿದ್ದ ಸರ್ವರನ್ನು ಅವನೇ ಒರೆಸಿ, ಅವನೇ ರಿಪೇರಿ ಮಾಡಿ, ಕೂಸಿನ ಹಾಗೆ ನೋಡಿಕೊಂಡಿದ್ದ. ಟಿಕೆಟು ಬುಕ್ಕಾಗದಿದ್ದರೆ ಯಜಮಾನರು ಮೊದಲು ಕೂಗುತ್ತಿದ್ದುದು ಅವನನ್ನು. ಈಗ ಕೂಗುವುದು ಬಾಮೈದನನ್ನು. ಆ ಬಾಮೈದನಿಗೆ ಇಲ್ಲಿ ಕೆಲಸ ಕೊಡಿಸಿದವನೂ ಅವನೇ.

ಎಲ್ಲ ಕೆಟ್ಟಿದ್ದು ಒಂದು ಮೀಟಿಂಗಿನಲ್ಲಿ. ರಜೆಯ ಬುಕಿಂಗ್ ತೆರೆದಾಗಲೆಲ್ಲ ಸರ್ವರು ಏದುಸಿರು ಬಿಡುತ್ತಿತ್ತು. ಇನ್ನೂ ದೊಡ್ಡ ಸರ್ವರು ತರೋಣ, ಕಣ್ಣೆದುರೇ ಇರುತ್ತದೆ ಎಂದು ಅವನು ಹೇಳಿದ. ಶೇರ್ಡ್ ಹೋಸ್ಟಿಂಗ್ ಸಾಕಲ್ಲ ಎಂದರು ಮ್ಯಾನೇಜರು. ಆಗ ಬಾಮೈದ ಎದ್ದು ನಿಂತ. ಶೇರ್ಡ್ ಹೋಸ್ಟಿಂಗ್ ಅಂದರೆ ಹಾಸ್ಟೆಲಿನ ದೊಡ್ಡ ಕೋಣೆ, ಒಬ್ಬ ಗೊರಕೆ ಹೊಡೆದರೆ ಎಲ್ಲರ ನಿದ್ದೆ ಹಾಳು. ಸ್ವಂತ ಸರ್ವರು ಸ್ವಂತ ಮನೆ ಇದ್ದ ಹಾಗೆ, ನಿಜ. ಆದರೆ ನೆಂಟರು ಬಂದರೆಂದು ದಿನ ಬೆಳಗಾಗುವುದರೊಳಗೆ ಕೋಣೆ ಕಟ್ಟಿಸಲಾಗದು. ಹೋಸ್ಟಿಂಗ್ ಕಂಪನಿಯವರ ವರ್ಚುವಲ್ ಮಷೀನು ಬಾಡಿಗೆ ಫ್ಲಾಟು: ಬೀಗ ನಮ್ಮದೇ, ಜನ ಹೆಚ್ಚಾದ ದಿನ ಪಕ್ಕದ್ದನ್ನೂ ಹಿಡಿಯಬಹುದು ಎಂದ. ಯಜಮಾನರು ತಲೆದೂಗಿ ನಕ್ಕರು. ಹನ್ನೊಂದು ವರ್ಷದಲ್ಲಿ ಅವನ ಮಾತಿಗೆ ಅವರು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ.

ಮನೆಯಲ್ಲೂ ಅದೇ. ಊಟಕ್ಕೆ ಕೂತಾಗ ಹೆಂಡತಿ, "ನನ್ನ ತಮ್ಮ ಎಷ್ಟು ಸಲೀಸಾಗಿ ಬಿಡಿಸಿ ಹೇಳ್ತಾನೆ ನೋಡಿ. ನೀವು ಹೇಳಿದ್ರೆ ನಂಗೆ ತಲೆಬುಡ ತಿಳಿಯಲ್ಲ" ಎಂದಳು. ಅವನು ನೀರು ಕುಡಿದು, ಹೌದೆಂದು ತಲೆಯಾಡಿಸಿದ.

ಮರುದಿನದಿಂದ ಅವನು ಬಾಮೈದನನ್ನು ಕಂಡಕಂಡವರೆದುರು ಹೊಗಳತೊಡಗಿದ. ಹೊಗಳುವವನ ಮೇಲೆ ಯಾರೂ ಅನುಮಾನಪಡುವುದಿಲ್ಲ. ಸೈಟು ವರ್ಚುವಲ್ ಮಷೀನಿಗೆ ಹೋದ ಮೇಲೂ ಹಳೆಯ ಸರ್ವರನ್ನು ಒಂದಷ್ಟು ದಿನ ಇಟ್ಟುಕೊಳ್ಳಲು ಯಜಮಾನರನ್ನು ಒಪ್ಪಿಸಿದ. ಬುಕಿಂಗುಗಳೆಲ್ಲ ಕ್ಷಣಕ್ಷಣಕ್ಕೂ ಗುಟ್ಟಾಗಿ ಅದಕ್ಕೂ ನಕಲಾಗುವಂತೆ ಮಾಡಿದ. ರಜೆಯ ಬುಕಿಂಗ್ ತೆರೆಯುವ ದಿನ, ಜನ ಮುಗಿಬಿದ್ದಿರುವಾಗ, ಬಾಮೈದನ ಮಷೀನು ಬ್ಯಾಕಪ್ಪುಗಳ ಸಮೇತ ಮಾಯವಾಗಬೇಕು. ಹಳೆಯ ಸರ್ವರು ಎದ್ದು ನಿಲ್ಲಬೇಕು. ಹುಡುಗ ಕೈತಪ್ಪಿ ಅಳಿಸಿದ, ಭಾವ ಉಳಿಸಿದ ಎಂದು ಎಲ್ಲರೂ ಅನ್ನಬೇಕು. ಪ್ರಯಾಣಿಕರಿಗೂ ನಷ್ಟವಿಲ್ಲ. ಇದನ್ನು ಅಪರಾಧ ಎನ್ನಲು ಅವನಿಗೆ ಮನಸ್ಸೇ ಬರಲಿಲ್ಲ.

ಬಾಮೈದ ದಿನಾ ಹನ್ನೊಂದಕ್ಕೆ ಹಿಂಬದಿಯ ಮೆಟ್ಟಿಲಿಗೆ ಸಿಗರೇಟು ಸೇದಲು ಹೋಗುತ್ತಿದ್ದ. ಅಕ್ಕನಿಗೆ ಗೊತ್ತಾಗಬಾರದೆಂದು ಕದ್ದು ಸೇದುವವನು ಸಾಕ್ಷಿಗೆ ಯಾರನ್ನೂ ಕರೆದೊಯ್ಯುವುದಿಲ್ಲ. ಹೋಗುವಾಗ ಕಂಪ್ಯೂಟರಿಗೆ ಬೀಗವನ್ನೂ ಹಾಕುತ್ತಿರಲಿಲ್ಲ. ಎರಡು ತಿಂಗಳಲ್ಲಿ ಇದು ಒಂದು ದಿನವೂ ತಪ್ಪಿರಲಿಲ್ಲ.

ರಜೆಯ ಬುಕಿಂಗ್ ತೆರೆಯುವ ದಿನ ಬಂತು. ಹನ್ನೊಂದಕ್ಕೆ ಬಾಮೈದ ಎದ್ದು ಹೋದ. ಅವನು ಬಾಮೈದನ ಕೋಣೆಗೆ ಬಂದು ಇನ್ನೂ ಬೆಚ್ಚಗಿದ್ದ ಕುರ್ಚಿಯಲ್ಲಿ ಕೂತ. ಮಷೀನುಗಳ ಪುಟ ತೆರೆದೇ ಇತ್ತು. ಮೊದಲು ಬ್ಯಾಕಪ್ಪುಗಳನ್ನು ಅಳಿಸಿದ. ಆಮೇಲೆ ಮಷೀನು. ಖಂಡಿತವೇ ಎಂದು ಅದು ಕೇಳಿತು; ಖಚಿತಪಡಿಸಲು ಮಷೀನಿನ ಹೆಸರನ್ನು ಪೂರ್ತಿ ಟೈಪ್ ಮಾಡಿ ಎಂದಿತು. ಒಂದೊಂದೇ ಅಕ್ಷರ ಒತ್ತಿದ. ಬಾಮೈದನ ಮೂಗು ಹಿಡಿದು ತಿರುಚಿದಷ್ಟು ಹಿತವೆನಿಸಿತು. ಹನ್ನೊಂದೂ ಮೂರಕ್ಕೆ ಎಲ್ಲ ಮುಗಿದಿತ್ತು.

ಹಿಂಬದಿಯ ಕೋಣೆಗೆ ಮರಳಿ ಹಳೆಯ ಸರ್ವರಿನ ಮುಂದೆ ಕೂತು ಕಾದ. ಟಿಕೆಟ್ ಕೌಂಟರಿನ ಕಡೆಯಿಂದ ಗಲಾಟೆ ಕೇಳಿಸಿತು. ಆರೇ ನಿಮಿಷದಲ್ಲಿ ಸೈಟನ್ನು ಎಬ್ಬಿಸಿದ. ಯಜಮಾನರು ಬಂದರು, ಹಿಂದೆ ಬಾಮೈದ. ಅವನು ವಾರದಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತನ್ನು ಮೆತ್ತಗೆ ಹೇಳಿದ: "ಬೈಬೇಡಿ ಸರ್. ಹುಡುಗ, ಏನೋ ಕೈ ತಪ್ಪಿರಬೇಕು."

"ಇವನು ಹನ್ನೊಂದರಿಂದ ನನ್ನೆದುರೇ ಕೂತಿದ್ದ" ಎಂದರು ಯಜಮಾನರು. ಮೊಬೈಲನ್ನು ಅವನ ಮುಂದೆ ಹಿಡಿದರು. ಮಷೀನು ಅಳಿಸಿದ್ದು ಯಾರು ಎಂದು ಹೋಸ್ಟಿಂಗ್ ಕಂಪನಿ ತಾನಾಗಿ ಕಳಿಸುವ ಸಂದೇಶ ಅದು. ಅದರಲ್ಲಿದ್ದುದು ಬಾಮೈದನ ಹೆಸರಲ್ಲ, ಅವನದೇ ಹೆಸರು. ಬಾಮೈದನ ಮುಖ ಬಿಳಿಚಿಕೊಂಡಿತ್ತು. "ಹಿರಿಯರು ನೀವಿರೋವಾಗ ಎಲ್ಲ ನನ್ನ ಕೈಲಿರೋದು ಸರಿಯಲ್ಲ ಅನ್ನಿಸ್ತು ಭಾವ. ಬೆಳಿಗ್ಗೆ ನಿಮ್ಮ ಹೆಸರಲ್ಲಿ ಅಕೌಂಟ್ ತೆರೆದು, ಸರಿ ಇದೆಯಾ ನೋಡೋಕೆ ಅದರಲ್ಲೇ ಲಾಗಿನ್ ಆಗಿದ್ದೆ. ಸರ್ ಹತ್ರ ಅದನ್ನೇ ಹೇಳೋಕೆ ಹೋಗಿದ್ದೆ" ಎಂದ. ಅಳಿಸುವಾಗ ಆ ಪುಟದ ಒಂದೊಂದು ಎಚ್ಚರಿಕೆಯನ್ನೂ ಅವನು ಓದಿದ್ದ. ಪರದೆಯ ಬಲಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಈಗ ಒಳಗಿರುವವರು ಯಾರು ಎಂದು ಬರೆದಿತ್ತು. ಅದೊಂದನ್ನು ಮಾತ್ರ ಓದಿರಲಿಲ್ಲ.