ಮೊಳೆ ಹೊಡೆದ ಕಿಟಕಿ

"ರೂಮು ಚೆನ್ನಾಗಿದೆ. ಯಾವಾಗ ಖಾಲಿಯಾಗುತ್ತೆ?"

ಬಾಗಿಲಲ್ಲಿ ನಿಂತ ಅಪರಿಚಿತ ಹುಡುಗ ಹೀಗೆ ಕೇಳಿದಾಗ ಅವಳು ಒಂದು ಕೈಯಲ್ಲಿ ಸಗಣಿ ಮೆತ್ತಿದ ಗಂಬೂಟು, ಇನ್ನೊಂದು ಕೈಯಲ್ಲಿ ಬ್ರಷ್ಷು ಹಿಡಿದು ನೆಲದ ಮೇಲೆ ಕೂತಿದ್ದಳು.

"ಇಲ್ಲಿ ನಾನು ಕೂತಿರೋದು ಕಾಣಿಸ್ತಿದೆ ತಾನೆ?" ಎಂದಳು.

ಹುಡುಗನ ಬೆನ್ನ ಹಿಂದಿನಿಂದ ಮನೆಯ ಯಜಮಾನಿ ಅಜ್ಜಿ ಮಹಡಿಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಇಣುಕಿದರು. "ಸುಮ್ಮನೆ ನೋಡ್ತಾರಂತೆ ಡಾಕ್ಟರಮ್ಮ. ನೋಡಿದರೆ ಗೋಡೆ ಸವೆಯುತ್ತಾ?"

ಅಜ್ಜಿ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಅವಳು ಪಶುವೈದ್ಯ ಕಾಲೇಜಿನ ವಿದ್ಯಾರ್ಥಿನಿ. ಡಾಕ್ಟರಾಗಲು ಇನ್ನೂ ಕಾಲವಿತ್ತು. ಅಜ್ಜಿಗೆ ಮಾತ್ರ ಆಗಲೇ ಆಗಿಬಿಟ್ಟಿದ್ದಳು.

ಹುಡುಗ ಚಪ್ಪಲಿ ಕಳಚಿ ಒಳಗೆ ಬಂದ. ಹಾಸಿಗೆಯ ಪಕ್ಕದ ಗೋಡೆ ಬೂಷ್ಟು ಹಿಡಿದು ಕಪ್ಪಾಗಿತ್ತು. ಅದರ ಮೇಲೆ ಬೆರಳಾಡಿಸಿದ. ಮುಚ್ಚಿದ್ದ ಕಿಟಕಿಯನ್ನು ತಳ್ಳಿದ. ಅದು ಕದಲಲಿಲ್ಲ. ಚೌಕಟ್ಟಿನ ಸುತ್ತ ದಪ್ಪ ದಪ್ಪ ಮೊಳೆಗಳಿದ್ದವು.

"ಈ ಕಿಟಕಿ...?"

"ಅದು ತೆಗೆಯೋ ಕಿಟಕಿ ಅಲ್ಲ," ಎಂದರು ಅಜ್ಜಿ. ಅಷ್ಟು ಹೊತ್ತು ಇದ್ದ ದನಿಯೇ ಬೇರೆ, ಈ ದನಿಯೇ ಬೇರೆ.

"ಪರವಾಗಿಲ್ಲ ಬಿಡಿ ಅಜ್ಜಿ. ನನಗೆ ಗಾಳಿ ಅಷ್ಟೇನೂ ಬೇಕಾಗಲ್ಲ. ಇಷ್ಟು ಒಳ್ಳೆ ರೂಮು ಈ ಊರಲ್ಲಿ ಎಲ್ಲಿ ಸಿಗುತ್ತೆ? ಖಾಲಿಯಾದರೆ ನನಗೇ ಕೊಡಬೇಕು ನೀವು."

'ಗಾಳಿ ಬೇಕಾಗಲ್ಲವಂತೆ! ಇವನೇನು ಮನುಷ್ಯನೋ, ಬೀರುವೋ?' ಎಂದುಕೊಂಡಳು ಅವಳು.

ಹೊರಡುವಾಗ ಅವನು ಒಮ್ಮೆ ತಿರುಗಿ ನೋಡಿದ. ಆ ನೋಟದಲ್ಲಿ ಏನೋ ಕ್ಷಮೆ ಕೇಳುವಂಥದ್ದಿತ್ತು. ಅವಳು ಗಂಬೂಟನ್ನು ಇನ್ನಷ್ಟು ಜೋರಾಗಿ ತಿಕ್ಕಿದಳು.

ಆ ರೂಮು ಅವಳಿಗೆ ಸುಲಭಕ್ಕೆ ಸಿಕ್ಕಿದ್ದಲ್ಲ.

ಊರಿನಿಂದ ಹೊರಡುವಾಗ ಅಪ್ಪ ಹೇಳಿದ್ದು ಒಂದೇ ಮಾತು. "ಮರ್ಯಾದಸ್ಥರ ಮನೇಲಿ ಜಾಗ ಸಿಕ್ಕರೆ ಓದು ಮಗಳೇ. ಸಿಗದಿದ್ದರೆ ವಾಪಸ್ ಬಂದುಬಿಡು. ಇಲ್ಲೂ ಹಸುಗಳಿವೆ, ಅವೇನು ನಿನ್ನ ಸರ್ಟಿಫಿಕೇಟ್ ಕೇಳಲ್ಲ." ಅಪ್ಪ ನಗುತ್ತಲೇ ಅಂದಿದ್ದರು. ಆದರೆ ಅವರು ನಗುತ್ತ ಆಡಿದ ಮಾತನ್ನು ಮೀರಿದವರು ಮನೆಯಲ್ಲಿ ಯಾರೂ ಇರಲಿಲ್ಲ.

ಬೀದಿ ಬೀದಿ ಅಲೆದಿದ್ದಳು. ಎಲ್ಲ ಕಡೆಯೂ ಒಂದೇ ಕಥೆ. ಕಾಲೇಜಿನ ದನದ ಆಸ್ಪತ್ರೆಯಿಂದ ನೇರವಾಗಿ ರೂಮು ನೋಡಲು ಹೋಗುತ್ತಿದ್ದಳು. ಮನೆಯವರು ನಗುತ್ತ ಬಾಗಿಲು ತೆಗೆಯುತ್ತಿದ್ದರು, ಆಮೇಲೆ ಮೂಗು ಅರಳಿಸುತ್ತಿದ್ದರು, ಆಮೇಲೆ ರೂಮು ನಿನ್ನೆಯೇ ಹೋಗಿಬಿಟ್ಟಿತೆನ್ನುತ್ತಿದ್ದರು. ಎಷ್ಟು ಸೋಪು ಹಾಕಿದರೂ ಕೊಟ್ಟಿಗೆಯ ವಾಸನೆ ಅವಳ ಬಟ್ಟೆ ಬಿಡುತ್ತಿರಲಿಲ್ಲ.

ಈ ಅಜ್ಜಿ ಮಾತ್ರ ಹತ್ತಿರ ಬಂದು ಮೂಸಿ, "ಹಸು ಕಟ್ಟಿದ ಮನೆಯವಳಾ? ಒಳಗೆ ಬಾ. ನಮ್ಮಪ್ಪನ ಮನೆ ನೆನಪಾಯ್ತು," ಎಂದಿದ್ದರು.

ಅದಕ್ಕೇ ಕಿಟಕಿಯ ವಿಷಯ ಅವಳು ಎತ್ತಿರಲಿಲ್ಲ. ಒದ್ದೆ ಬಟ್ಟೆ ಒಳಗೇ ಒಣಗುತ್ತಿತ್ತು. ಗೋಡೆ ಕಪ್ಪಾಯಿತು. ಕೆಮ್ಮು ಶುರುವಾಯಿತು. ಅವಳು ದಿಂಬಿನಲ್ಲಿ ಮುಖ ಒತ್ತಿ ಕೆಮ್ಮುತ್ತಿದ್ದಳೇ ಹೊರತು ಅಜ್ಜಿಯ ಮುಂದೆ ಬಾಯಿ ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನೋಡು ಡಾಕ್ಟರಮ್ಮ, ನಿನಗೆ ಆ ರೂಮು ಒಗ್ಗಿಲ್ಲ. ನಿನ್ನ ಕೆಮ್ಮು ನನಗೆ ಕೇಳಿಸಲ್ಲ ಅಂದ್ಕೊಂಡಿದ್ದೀಯಾ? ನೀನಾಗೇ ಬಿಡ್ತೀನಿ ಅನ್ನೋಕೆ ಸಂಕೋಚ. ಆ ಹುಡುಗನಿಗೆ ರೂಮು ಬಹಳ ಹಿಡಿಸಿದೆ. ಮುಂದಿನ ತಿಂಗಳಿಗೆ ಅವನಿಗೇ ಅಂತ ಮಾತು ಕೊಟ್ಟೆ."

"ಅಜ್ಜಿ, ನಾನು ಬಿಡ್ತೀನಿ ಅಂತ ಹೇಳೇ ಇಲ್ಲ..."

"ಮಾತು ಕೊಟ್ಟಾಗಿದೆ ಮಗಳೇ," ಎಂದು ಅಜ್ಜಿ ಎದ್ದರು. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಂಡ ಅಭ್ಯಾಸ ಅವರಿಗಿರಲಿಲ್ಲ.

ಅವಳು ಪುಸ್ತಕ ಎತ್ತಿಕೊಂಡು ಕಾಲೇಜಿಗೆ ಹೊರಟಳು. ಮತ್ತೆ ಬೀದಿ ಸುತ್ತಬೇಕು, ಮತ್ತೆ ಆ ಅರಳಿದ ಮೂಗುಗಳು. ಪರೀಕ್ಷೆ ಹತ್ತಿರ ಬಂದಿತ್ತು. ಈಗ ರೂಮು ಹೋದರೆ ಊರಿಗೆ ಹಿಂದಿರುಗಲೇಬೇಕು, ಹೋದರೆ ಓದು ಅಲ್ಲಿಗೇ ಮುಗಿದಂತೆ.

ಕಾಲೇಜಿನಲ್ಲಿ ಈ ಸುದ್ದಿ ಕೇಳಿ ಅವಳ ಗೆಳತಿಯ ಮುಖ ಬಿಳಿಚಿಕೊಂಡಿತು. ತರಗತಿಯವರೆಲ್ಲ ಪಟಾಕಿ ಎಂದು ಕರೆಯುತ್ತಿದ್ದ ಆ ಹುಡುಗಿ ಅವಳ ಕೈ ಹಿಡಿದು ಎಳೆದುಕೊಂಡು ಹೋದಳು. ಹೋದದ್ದು ವಿದ್ಯಾರ್ಥಿಗಳ ಬಾಡಿಗೆ ಸಹಾಯ ಕೊಠಡಿಗೆ. ರೂಮು ಹುಡುಕಿಕೊಡುವುದು, ಮನೆ ಮಾಲೀಕರೊಡನೆ ತಕರಾರು ಬಂದರೆ ಬಗೆಹರಿಸುವುದು ಅಲ್ಲಿಯವರ ಕೆಲಸ.

ಮೇಜಿನ ಹಿಂದೆ ಅವನೇ ಕೂತಿದ್ದ!

"ನೀವಾ?" ಎಂದಳು ಅವಳು. "ನನ್ನ ರೂಮು ಕಿತ್ತುಕೊಂಡು ಇಲ್ಲಿ ಬಂದು ಸಹಾಯ ಮಾಡ್ತಿದ್ದೀರಾ?"

ಅವನು ತಬ್ಬಿಬ್ಬಾಗಿ ಎದ್ದು ನಿಂತ. ಪಟಾಕಿ ಗೋಡೆ ನೋಡುತ್ತ, "ನಿನ್ನ ರೂಮಿನ ಬಗ್ಗೆ ದೂರು ಕೊಟ್ಟಿದ್ದು ನಾನೇ ಕಣೇ," ಎಂದಳು. "ನೀನು ಕೆಮ್ಮಿ ಸತ್ತರೂ ಬಾಯಿ ಬಿಡಲ್ಲ ಅಂತ ಗೊತ್ತಿತ್ತು."

ಅವನು ಕಾನೂನು ಓದುವವನು. ಬಿಡುವಿನಲ್ಲಿ ಈ ಕೊಠಡಿಗೆ ಬರುತ್ತಿದ್ದ. ದೂರು ಬಂದರೆ ದೂರು ಕೊಟ್ಟವರ ಹೆಸರು ಹೊರಬೀಳಬಾರದೆಂದು ರೂಮು ಹುಡುಕುವವರ ಹಾಗೆ ಹೋಗಿ ಮನೆ ನೋಡಿ ಬರುವುದು ಇಲ್ಲಿಯ ಪದ್ಧತಿ. ಇಷ್ಟನ್ನು ಅವನು ತಡವರಿಸುತ್ತ ವಿವರಿಸಿದ.

"ಅಜ್ಜಿ ಮನಬಿಚ್ಚಿ ಮಾತಾಡಲಿ ಅಂತ ರೂಮನ್ನ ಸ್ವಲ್ಪ ಹೊಗಳಿದೆ. ಜಾಸ್ತಿ ಆಯ್ತು ಅನ್ಸುತ್ತೆ."

"ಸ್ವಲ್ಪ?" ಅವಳ ಕಣ್ಣು ಕೆಂಪಾಗಿತ್ತು. "ನೋಡಿ ವಕೀಲರೇ, ನಮ್ಮ ಕಡೆ ಹಸುವಿಗೆ ಏನಾಗಿದೆ ಅಂತ ತಿಳ್ಕೊಳ್ಳೋಕೆ ಯಾರೂ ಹಸು ವೇಷ ಹಾಕ್ಕೊಂಡು ಕೊಟ್ಟಿಗೆಗೆ ಹೋಗಲ್ಲ. ನೇರವಾಗಿ ಹೋಗಿ ಕಿವಿ ಮುಟ್ಟಿ ನೋಡ್ತೀವಿ."

ಪಟಾಕಿ ಕಿಸಕ್ಕನೆ ನಕ್ಕಳು. ಅವನಿಗೂ ನಗು ಬಂತು, ಆದರೆ ಅವಳ ಮುಖ ನೋಡಿ ನುಂಗಿಕೊಂಡ.

"ನಾಳೆಯೇ ಹೋಗಿ ಅಜ್ಜಿಗೆ ಎಲ್ಲ ಹೇಳಿಬಿಡ್ತೀನಿ."

"ಬೇಡ. ನಾನೇ ದೂರು ಕೊಡಿಸಿದೆ ಅಂದ್ಕೊಂಡು ಅಜ್ಜಿ ನೊಂದ್ಕೋತಾರೆ. ಊರೆಲ್ಲ ಮೂಗು ಮುಚ್ಚಿಕೊಂಡಾಗ ಒಳಗೆ ಕರೆದವರು ಅವರು." ಅವಳು ಬಾಗಿಲ ಕಡೆ ತಿರುಗಿದಳು. "ಬೇರೆ ರೂಮು ಹುಡುಕಿಕೊಡಿ. ಅಷ್ಟು ಸಾಕು."

ಅಂದಿನಿಂದ ಸಂಜೆಗಳೆಲ್ಲ ರೂಮು ಹುಡುಕುವುದರಲ್ಲೇ ಕಳೆದವು.

ಒಂದು ಸಂಜೆ ಅವನು ಹೊಸ ವಿಳಾಸ ಹಿಡಿದು ದನದ ಆಸ್ಪತ್ರೆಗೇ ಬಂದ. ಅವಳು ಒಂದು ಹಸುವಿನ ಕಾಲಿಗೆ ಔಷಧಿ ಹಚ್ಚುತ್ತಿದ್ದಳು. ಹಿಡಿಯುವವರು ಯಾರೂ ಇರಲಿಲ್ಲ.

"ಸುಮ್ಮನೆ ನಿಂತ್ಕೋಬೇಡಿ. ಹಗ್ಗ ಹಿಡೀರಿ."

"ನಾನಾ? ಇದು ಹಾಯಲ್ವಾ?"

"ನೀವು ಸುಳ್ಳು ಹೇಳದೆ ಇದ್ದರೆ ಹಾಯಲ್ಲ."

ಹಸು ಹಾಯಲಿಲ್ಲ. ಅವನ ಬಿಳಿ ಅಂಗಿಯ ತೋಳನ್ನು ನಿಧಾನವಾಗಿ, ಪ್ರೀತಿಯಿಂದ, ಭುಜದವರೆಗೂ ನೆಕ್ಕಿತು. ಆಮೇಲೆ ಬಾಲವೆತ್ತಿ ತನ್ನ ಇನ್ನೊಂದು ಕೆಲಸವನ್ನೂ ಮುಗಿಸಿತು. ಅವನು ಹಗ್ಗ ಬಿಡಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಶಾಲೆಯ ಪ್ರಾರ್ಥನೆಯಲ್ಲಿ ನಿಂತಂತೆ ನಿಂತಿದ್ದ. ಅವಳಿಗೆ ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ಅಂಗಿಯಲ್ಲೇ ಅವನು ಅವಳ ಜೊತೆ ರೂಮು ನೋಡಲು ಹೋದ. ಬಾಗಿಲು ತೆಗೆದ ಮನೆಯಾಕೆ ಎಂದಿನಂತೆ ಮೂಗು ಅರಳಿಸಿದರು. ಅವಳು ತಲೆ ತಗ್ಗಿಸಿದಳು.

"ವಾಸನೆ ನನ್ನದು ಅಮ್ಮ," ಎಂದ ಅವನು ಒಂದು ಹೆಜ್ಜೆ ಮುಂದೆ ಬಂದು. "ರೂಮು ಅವರಿಗೆ ಬೇಕಾಗಿರೋದು. ನಾನು ಹೀಗೇ ಇರೋನು."

ಮನೆಯಾಕೆ ಬಾಗಿಲು ಹಾಕಿಕೊಂಡರು. ರೂಮು ಸಿಗಲಿಲ್ಲ. ಆದರೆ ಹಿಂದಿರುಗುವ ದಾರಿಯಲ್ಲಿ ಅವಳಿಗೆ ಅದು ನೆನಪೇ ಇರಲಿಲ್ಲ.

'ಸುಳ್ಳು ಹೇಳೋದು ಇವನಿಗೆ ಚಾಳಿಯೇ ಇರಬೇಕು,' ಅಂದುಕೊಂಡಳು. ಅಂದುಕೊಂಡು ನಕ್ಕಳು. ಈ ಸುಳ್ಳಿಗೆ ಮಾತ್ರ ಕೋಪ ಯಾಕೆ ಬರುತ್ತಿಲ್ಲ...?

ತಿಂಗಳು ಮುಗಿಯುತ್ತ ಬಂತು. ಒಂದು ಮಧ್ಯಾಹ್ನ ಬೇಗ ಮನೆಗೆ ಬಂದವಳು ಗೇಟಿನ ಹತ್ತಿರವೇ ನಿಂತುಬಿಟ್ಟಳು.

ಅಜ್ಜಿಯ ಜಗುಲಿಯಲ್ಲಿ ಅವನು ಕೂತಿದ್ದ. ಪಕ್ಕದಲ್ಲಿ ಚಹಾದ ಲೋಟ. ಅಜ್ಜಿ ನಗುತ್ತ ಅವನ ಅಂಗೈಯಲ್ಲಿ ಒಂದು ಕೀಲಿಕೈ ಇಡುತ್ತಿದ್ದರು.

ಅವಳು ಅವರ ಕಣ್ಣಿಗೆ ಬೀಳದೆ ಮನೆ ಬಳಸಿ ಹೋದಳು. ಹಿಂದಿನ ಮೆಟ್ಟಿಲಿಂದ ಸದ್ದಿಲ್ಲದೆ ಮೇಲೆ ಹತ್ತಿದಳು. ಪೆಟ್ಟಿಗೆ ಎಳೆದು ಬಟ್ಟೆ ತುಂಬತೊಡಗಿದಳು. 'ಮಾತು ಪಡೆದವನು ರೂಮೂ ಪಡೆದುಕೊಂಡ. ಇಷ್ಟು ದಿನ ಊರೆಲ್ಲ ಸುತ್ತಿಸಿದ್ದು ನನ್ನನ್ನು ಸಾಗಹಾಕೋಕೇನಾ? ಆ ಹಸುವಿಗೂ ಮೋಸ ಮಾಡಿದನಲ್ಲ...' ಗಂಬೂಟನ್ನು ಪುಸ್ತಕಗಳ ಮೇಲೆ ತುರುಕಿದಳು. ಮುಚ್ಚಳ ಹಾಕಲಾಗಲಿಲ್ಲ. ಅದರ ಮೇಲೆಯೇ ಕೂತು ಅತ್ತಳು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬಾಗಿಲಲ್ಲಿ ಅಜ್ಜಿ, ಅವರ ಹಿಂದೆ ಅವನು. ಅವನ ಕೈಯಲ್ಲಿ ಮೊಳೆ ಕೀಳುವ ಇಕ್ಕಳ, ಸುತ್ತಿಗೆ, ತುಕ್ಕು ಹಿಡಿದ ತಂತಿ ಬಲೆಯ ಸುರುಳಿ.

"ಸಾಮಾನು ಕೋಣೆಯ ಬೀಗ ತೆಗೆಯೋಕೆ ಇವನಿಗೆ ಅರ್ಧ ಗಂಟೆ ಬೇಕಾಯ್ತು," ಎಂದರು ಅಜ್ಜಿ. ಆಮೇಲೆ ಪೆಟ್ಟಿಗೆ ಕಂಡು ಹುಬ್ಬು ಗಂಟಿಕ್ಕಿದರು. "ಇದೇನಿದು? ಯಾವೂರಿಗೆ ಸವಾರಿ?"

"ರೂಮು ಇವರಿಗೆ ಕೊಟ್ಟಿರಲ್ಲ ಅಜ್ಜಿ... ಕೀಲಿಕೈ ಕೊಡೋದು ನೋಡಿದೆ."

"ನೋಡೋದು ಅರ್ಧ, ಅಳೋದು ಪೂರ್ತಿ. ರೂಮು ನಿನ್ನದೇ, ಏಳು ಮೇಲೆ."

ಅವನು ಇಕ್ಕಳ ಕೆಳಗಿಟ್ಟ. "ನೀವು ಬೇಡ ಅಂದಿದ್ರಿ. ಆದರೆ ಸುಳ್ಳು ಹೇಳಿದ್ದು ನಾನು, ಊರು ಬಿಡೋದು ನೀವು ಅಂದ್ರೆ ಹೇಗೆ? ನಿಮ್ಮ ಹೆಸರು ಎತ್ತಲಿಲ್ಲ. ರೂಮು ಬೇಕು ಅಂದಿದ್ದು ಸುಳ್ಳು, ಕೊಟ್ಟ ಮಾತು ವಾಪಸ್ ತಗೊಳ್ಳಿ ಅಂದೆ. ಆಮೇಲೆ ಕಿಟಕಿಗೆ ಮೊಳೆ ಯಾಕೆ ಹೊಡೆದ್ರಿ ಅಂತ ಕೇಳಿದೆ. ಅವತ್ತೇ ಕೇಳಬೇಕಾಗಿತ್ತು."

"ಹೆಸರು ಬೇರೆ ಹೇಳಬೇಕಾ?" ಎಂದರು ಅಜ್ಜಿ. "ಮೇಲಿಂದ ಕೆಮ್ಮೇ ಹೇಳ್ತಿತ್ತಲ್ಲ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಡಾಕ್ಟರಮ್ಮ?"

"ಬೈತೀರಿ ಅಂತ..."

"ಬೈತಿದ್ದೆ. ಬೈದು ತೆಗೆಸ್ತಿದ್ದೆ."

ಅಜ್ಜಿ ಹಾಸಿಗೆಯ ತುದಿಯಲ್ಲಿ ಕೂತರು. ಅವರದ್ದೊಂದು ಬೆಕ್ಕಿತ್ತು, ಬೆಣ್ಣೆ ಅಂತ ಹೆಸರು. ಗಂಡ ಹೋದ ಮೇಲೆ ಮನೆಯಲ್ಲಿ ಉಸಿರಾಡುತ್ತಿದ್ದ ಇನ್ನೊಂದು ಜೀವ ಅದೊಂದೇ. ಈ ಕಿಟಕಿಯಲ್ಲಿ ಕೂತು ಹಕ್ಕಿ ನೋಡುತ್ತಿತ್ತು. ಒಂದು ದಿನ ಹಕ್ಕಿಯ ಹಿಂದೆ ಹಾರಿತು, ಕೆಳಗಿನ ಕಲ್ಲಿನ ಮೇಲೆ ಬಿತ್ತು.

"ಅವತ್ತೇ ಮೊಳೆ ಹೊಡೆದೆ. ಈಗ ಸಾಕಿರೋ ಬೆಕ್ಕಿದೆಯಲ್ಲ, ಆ ಸೋಂಬೇರಿಯೂ ಒಮ್ಮೊಮ್ಮೆ ಮೇಲೆ ಹತ್ತಿ ಬರ್ತಾನೆ. ಅವನೂ ಹೋದರೆ...? ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಅವಳು ಕಣ್ಣೊರೆಸಿಕೊಂಡು ಎದ್ದು ಅಜ್ಜಿಯ ಕೈ ಹಿಡಿದಳು. ಆಮೇಲೆ ತಂತಿ ಬಲೆ ಬಿಡಿಸಿ ಬೆಳಕಿಗೆ ಹಿಡಿದಳು. "ನಮ್ಮ ಮನೆ ಕೋಳಿ ಗೂಡಿಗೆ ಬಲೆ ಕಟ್ಟೋಳು ನಾನೇ ಅಜ್ಜಿ. ಇಲಿ ತೂರದ ಹಾಗೆ ಕಟ್ತೀನಿ, ಬೆಕ್ಕು ಯಾವ ಲೆಕ್ಕ?"

ಅವನು ಒಂದೊಂದೇ ಮೊಳೆ ಕಿತ್ತ. ಕೊನೆಯದು ಬರುವಾಗ ಹಿಂದಕ್ಕೆ ಬಿದ್ದ. ಅಜ್ಜಿ, "ಕಾನೂನು ಓದಿದ್ದು ಸಾಕು, ಸ್ವಲ್ಪ ಊಟ ಮಾಡು," ಎಂದರು. ಅವಳು ಕಿಟಕಿಯನ್ನು ಹೊರಕ್ಕೆ ತಳ್ಳಿ, ಚೌಕಟ್ಟಿನ ತುಂಬ ಬಲೆಯನ್ನು ಎಳೆದು ಬಿಗಿದಳು.

ಎಷ್ಟೋ ಕಾಲದ ಮೇಲೆ ಕಿಟಕಿ ತೆರೆದಿತ್ತು. ಬೀದಿಯ ಸದ್ದು, ಯಾರದೋ ಮನೆಯ ರೇಡಿಯೋ, ಒಣಗಿದ ಹುಲ್ಲಿನ ವಾಸನೆಯ ಗಾಳಿ ಒಟ್ಟಿಗೇ ಒಳನುಗ್ಗಿದವು. ಎಲ್ಲಿತ್ತೋ, ಸೋಂಬೇರಿ ಬೆಕ್ಕು ಬಂದು ಕಿಟಕಿ ಏರಿ, ಬಲೆಗೆ ಬೆನ್ನು ಒರಗಿಸಿ ಮಲಗಿತು. ಅಜ್ಜಿ ಅದನ್ನು ನೋಡುತ್ತ ಬಹಳ ಹೊತ್ತು ನಿಂತರು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, ಚಹಾ ಮಾಡುತ್ತೇನೆಂದು ಕೆಳಗಿಳಿದರು.

ಇಬ್ಬರೇ ಉಳಿದರು. ಅವಳು ಪೆಟ್ಟಿಗೆಯಿಂದ ಗಂಬೂಟು ತೆಗೆದು ಅದರ ಜಾಗದಲ್ಲಿಟ್ಟಳು.

"ಅವತ್ತು ಹೇಳಿದ್ದೆಲ್ಲ ಸುಳ್ಳೇನಾ?" ಎಂದಳು, ಅವನ ಕಡೆ ನೋಡದೆ.

"ಗಾಳಿ ಬೇಡ ಅಂದಿದ್ದು ಸುಳ್ಳು. ಈ ರೂಮು ಬೇಕು ಅಂದಿದ್ದು ಸುಳ್ಳು." ಅವನು ಸುತ್ತಿಗೆ ಕೆಳಗಿಟ್ಟ. "ಚೆನ್ನಾಗಿದೆ ಅಂದಿದ್ದು ನಿಜ."

"ಗೋಡೆ ತುಂಬ ಬೂಷ್ಟು ಇತ್ತು!"

"ನಾನು ಗೋಡೆ ನೋಡಿದ್ದು ಆಮೇಲೆ."

ಅವಳ ಕೆನ್ನೆ ಬಿಸಿಯಾಯಿತು. ಕಿಟಕಿಯ ಬಳಿ ಹೋಗಿ ಬೆಕ್ಕಿನ ತಲೆ ಸವರಿದಳು. ಅವನು ಬಂದು ಪಕ್ಕದಲ್ಲಿ ನಿಂತ. ಬೆಕ್ಕಿನ ಬೆನ್ನ ಮೇಲೆ ಎರಡು ಕೈಗಳು ಒಂದನ್ನೊಂದು ಮುಟ್ಟಿದವು. ಯಾವುದೂ ಹಿಂದೆ ಸರಿಯಲಿಲ್ಲ.

"ಇಷ್ಟ ಆಗಿದೀರಿ ನೀವು ನನಗೆ," ಎಂದ ಅವನು. "ಇದರಲ್ಲಿ ಯಾವ ವೇಷವೂ ಇಲ್ಲ."

"ಗೊತ್ತು." ಅವಳ ದನಿ ಸಣ್ಣಗಾಗಿತ್ತು. "ಹಸು ನೆಕ್ಕಿದಾಗಲೂ ಹಗ್ಗ ಬಿಡಲಿಲ್ಲವಲ್ಲ, ಆಗಲೇ ನನಗೂ..."

ಮಾತು ಅಲ್ಲಿಗೇ ನಿಂತಿತು. ಅವನಿಗೆ ಅಷ್ಟು ಸಾಕಾಯಿತು.

"ನಾಳೆ ಬರಲಾ?"

"ಬನ್ನಿ."

"ಅಜ್ಜಿಗೆ ಏನಂತ ಹೇಳಲಿ? ರೂಮು ನೋಡೋಕೆ ಅನ್ನೋ ಹಾಗಿಲ್ಲ ಈಗ."

"ನಿಜ ಹೇಳಿ ಬನ್ನಿ."

ಕೆಳಗಿನಿಂದ, ತೆರೆದ ಕಿಟಕಿಯ ಮೂಲಕ, ಅಜ್ಜಿಯ ದನಿ ಸ್ಪಷ್ಟವಾಗಿ ತೇಲಿಬಂತು.

"ಹೇಳೋದೇನೂ ಬೇಡ, ಎಲ್ಲ ಕೇಳಿಸ್ತಿದೆ. ಚಹಾ ಆರುತ್ತೆ, ಇಬ್ಬರೂ ಇಳಿದು ಬನ್ನಿ."