ಸೂತಕ ಮುಗಿದರೂ ತೆರೆಯದ ಅಂಗಡಿ

"ನನ್ನ ಅಂಗಡಿ ಎಲ್ರೀ?!"

ಹೊಸದುರ್ಗದ ಬಸ್ ಸ್ಟ್ಯಾಂಡ್ ಎದುರಿನ ಮಹಡಿ ಮೇಲಿನ ಪುಟ್ಟ ಆಫೀಸಿಗೆ ದೇವಿಕಾ ಬಿರುಗಾಳಿಯಂತೆ ನುಗ್ಗಿದಳು. ಕಂಪ್ಯೂಟರ್ ಮುಂದಿದ್ದ ಮೋಹನ್‌ಕುಮಾರ್ ಗಾಬರಿಯಿಂದ ಎದ್ದು ನಿಂತ. ಅವರಿಬ್ಬರೂ ತಿಂಗಳುಗಟ್ಟಲೆ ಫೋನಿನಲ್ಲಿ ಮಾತಾಡಿದ್ದರು. ಮುಖ ನೋಡಿದ್ದು ಮಾತ್ರ ಇವತ್ತೇ!

"ದೇವಿಕಾ ಅವ್ರಾ? ಬರ್ರಿ, ಕುಂತ್ಕಳ್ರಿ..."

"ಕುಂತ್ಕಳಾಕೆ ಬಂದಿಲ್ಲ! ಗೂಗಲ್‌ನಾಗೆ ಉಣ್ಣೆ ಕಂಬಳಿ ಅಂತ ಹುಡುಕಿದ್ರೆ ಮೊದ್ಲು ನಮ್ದೇ ವೆಬ್‌ಸೈಟ್ ಬರ್ತಿತ್ತು. ಈಗ ಹುಡುಕ್ರಿ ನೋಡಾಣ. ಎಲ್ಲೈತೆ?"

ಅವಳ ಸಿಟ್ಟಿಗೆ ಕಾರಣವಿತ್ತು. ಜವನಗೊಂಡನಹಳ್ಳಿಯಲ್ಲಿ ಹೆಂಗಸರು ನೂತು, ಗಂಡಸರು ನೇಯುವ ಕಂಬಳಿಗಳನ್ನು ಊರೂರಿಗೆ ಮಾರುತ್ತಿದ್ದುದು ಅವಳ ವೆಬ್‌ಸೈಟೇ. ವರ್ಷಗಟ್ಟಲೆ ಕೂತು ಒಂದೊಂದು ಕಂಬಳಿಯ ಬಗ್ಗೆಯೂ ಬರೆದಿದ್ದಳು. ಹಾಗಾಗಿಯೇ ಹುಡುಕಿದವರಿಗೆಲ್ಲ ಅದೇ ಮೊದಲು ಕಾಣುತ್ತಿತ್ತು. ಅದನ್ನು ಇಂಟರ್‌ನೆಟ್‌ನಲ್ಲಿ ಇಟ್ಟಿದ್ದ ಹಳೆಯ ಕಂಪನಿ ಬಾಗಿಲು ಮುಚ್ಚುತ್ತಿದೆ ಎಂದು ತಿಳಿದಾಗ, ಹೊಸ ಕಡೆಗೆ ಸಾಗಿಸುವ ಕೆಲಸವನ್ನು ಮೋಹನ್‌ಕುಮಾರ್‌ಗೆ ಒಪ್ಪಿಸಿದ್ದಳು.

ಆರ್ಡರ್ ಕಡಿಮೆಯಾದಾಗ ಬೇಸಿಗೆ ಅಲ್ಲವೇ ಎಂದುಕೊಂಡಿದ್ದಳು. ಇವತ್ತು ಬೆಳಿಗ್ಗೆ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, "ಅಂಗಡಿ ಮುಚ್ಚಿಬಿಟ್ರಾ?" ಎಂದು ಕೇಳಿದಾಗಲೇ ಹುಡುಕಿ ನೋಡಿದ್ದು. ಎದೆ ಒಡೆದೇ ಹೋಯಿತು. ಹಿರಿಯೂರಿನಲ್ಲಿ ಬಸ್ ಬದಲಿಸಿ ಸೀದಾ ಇಲ್ಲಿಗೆ ಬಂದಿದ್ದಳು.

'ಮೊದಲು ದಿನಾ ಸಂಜೆ ಫೋನ್ ಮಾಡುತ್ತಿದ್ದ. ಕೆಲಸ ಕೆಡಿಸಿದ ಮೇಲೆ ಸದ್ದೇ ಇಲ್ಲ... ಇವನನ್ನು ನಂಬಿದೆನಲ್ಲ!'

"ಪುಟಪುಟಾನೂ ಸಾಗಿಸಿದೀನ್ರಿ," ಎಂದ ಮೋಹನ್‌ಕುಮಾರ್. "ಹಳೇ ವಿಳಾಸಕ್ಕೆ ಬಂದೋರು ಸೀದಾ ಹೊಸ ಪುಟಕ್ಕೇ ಹೋಗ್ತಾರೆ. ಆದ್ರೆ... ಗೂಗಲ್‌ನ ಇನ್ನೂ ಒಳಗೆ ಬಿಟ್ಟಿಲ್ಲ."

"ಏನಂದ್ರಿ?!"

"ಕೆಲ್ಸ ಮುಗಿಯೋ ತನಕ ಗೂಗಲ್ ಬರದಂಗೆ ಒಂದು ಟಿಕ್ ಹಾಕಿರ್ತೀವಿ. ಹೊಸ ವೆಬ್‌ಸೈಟಿನ ಪೂಜೆ ದಿನ ಅದನ್ನ ತೆಗೀಬೇಕಿತ್ತು. ಅಷ್ಟರಾಗೆ ನಿಮ್ಮಮ್ಮ ಫೋನ್ ಮಾಡಿದ್ರು. ದೇವಿಕಾನ ದೊಡ್ಡಪ್ಪ ಜುಂಜಯ್ಯ ಹೋಗ್ಬಿಟ್ರು, ಸೂತಕ ಐತೆ, ಏನೂ ಮುಟ್ಟಬ್ಯಾಡಪ್ಪ, ಮುಗಿದ ಮ್ಯಾಲೆ ಹೇಳ್ತೀವಿ ಅಂದ್ರು."

"ಸೂತಕ ಮುಗಿದು ಎಷ್ಟು ಕಾಲ ಆತ್ರೀ!"

"ನಂಗೇನು ಗೊತ್ತು? ನಾವು ಲಿಂಗ ಕಟ್ಟೋ ಜನ, ನಮ್ಮನೇಲಿ ಸೂತಕ ಅನ್ನೋದೇ ಇಲ್ಲ. ಸಾವಾದ ಮನೆಗೆ ಫೋನ್ ಮಾಡಿ, ನಿಮ್ಮ ಸೂತಕ ಮುಗೀತಾ ಅಂತ ಹೆಂಗ್ರೀ ಕೇಳೋದು?"

ದೇವಿಕಾ ತಲೆಯ ಮೇಲೆ ಕೈಹೊತ್ತು ಕುರ್ಚಿಯಲ್ಲಿ ಕುಸಿದಳು. ಅಮ್ಮ ಗಂಗಕ್ಕ ಫೋನ್ ಮಾಡಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಅಮ್ಮನಿಗೋ, ಸೂತಕ ಮುಗಿಯಿತೆಂದು ಅವನಿಗೆ ಹೇಳುವುದೇ ಮರೆತುಹೋಗಿತ್ತು.

"ಅದಕ್ಕೇ ನಂಗೂ ಫೋನ್ ಮಾಡ್ಲಿಲ್ವಾ?"

"ನೀವು ದುಃಖದಾಗಿದ್ರಿ. ಕೆಲ್ಸದ ಮಾತು ತೆಗೆಯೋದು ಸರಿ ಅನ್ನಿಸ್ಲಿಲ್ಲ."

ಎಂಥಾ ಮನುಷ್ಯನಪ್ಪ ಇವನು! ಬೈಯೋಣವೆಂದರೆ ಬಾಯಿ ಬರಲಿಲ್ಲ, ಅಳುವೂ ನಗುವೂ ಒಟ್ಟಿಗೇ ಬಂತು.

ಅವನು ಅವಳೆದುರೇ ಆ ಟಿಕ್ ತೆಗೆದ. "ಗೂಗಲ್ ಬರ್ತೈತ್ರಿ. ಆದ್ರೆ ಹಳೇ ಜಾಗ ಸಿಗ್ತೈತೆ ಅಂತ ಖಾತ್ರಿ ಹೇಳಾಕಾಗಲ್ಲ."

"ಸಿಗದಿದ್ರೆ ಊರ ಮಗ್ಗಗಳೆಲ್ಲ ನಿಂತೋಗ್ತವೆ ಕಣ್ರಿ," ಎಂದಳು ದೇವಿಕಾ.

ಅಂದಿನಿಂದ ಸಂಜೆಯ ಫೋನ್ ಮತ್ತೆ ಶುರುವಾಯಿತು. ಗೂಗಲ್‌ನಲ್ಲಿ ಅಂಗಡಿ ಇವತ್ತು ಒಂದು ಪುಟ ಮೇಲೆ, ನಾಳೆ ಎರಡು ಪುಟ ಕೆಳಗೆ! ದೇವಿಕಾ ರೇಗುತ್ತಿದ್ದಳು, ಅವನು ಸಮಾಧಾನ ಹೇಳುತ್ತಿದ್ದ. ಯಾವತ್ತಾದರೂ ಫೋನ್ ತಡವಾದರೆ ಅವಳಿಗೆ ಊಟವೇ ಸೇರುತ್ತಿರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಅವನ ಬೈಕು ಜವನಗೊಂಡನಹಳ್ಳಿಯ ಅವಳ ಮನೆ ಮುಂದೆ ನಿಂತಿತು.

"ನೋಡ್ರಿ... ಮೊದಲ್ನೇ ಜಾಗ!"

ಅವನು ಚಾಚಿದ ಮೊಬೈಲಿನಲ್ಲಿ ಅವಳ ಅಂಗಡಿ ಎಲ್ಲಕ್ಕಿಂತ ಮೇಲಿತ್ತು. ದೇವಿಕಾಳ ಕಣ್ಣು ತುಂಬಿಬಂತು. ಆದರೆ ಅವನ ಮುಖ ಯಾಕೋ ಬಾಡಿತ್ತು.

"ಇನ್ನು ನಂದೇನೂ ಕೆಲ್ಸ ಇಲ್ಲ... ಫೋನ್ ಮಾಡಾಕೆ ಕಾರಣಾನೂ ಇಲ್ಲ."

'ಅಯ್ಯೋ ದೇವರೇ! ಯಾರಾದರೂ ಹೇಳದೆ ಈ ಮನುಷ್ಯ ಏನೂ ಮಾಡುವುದಿಲ್ಲವಲ್ಲ!'

"ಹೇಳಿದ್ರೇನೇ ನಿಮಗೆ ತಿಳಿಯೋದು ಅಲ್ವೇನ್ರಿ? ಹಂಗಾದ್ರೆ ಕೇಳ್ರಿ. ನಂಗೆ ನೀವು ಬೇಕು. ವೆಬ್‌ಸೈಟಿಗಲ್ಲ... ನಂಗೆ!"

ಅವನು ಕೈಯಲ್ಲಿದ್ದ ಮೊಬೈಲನ್ನೊಮ್ಮೆ ನೋಡಿದ. ಆಮೇಲೆ ಮೆಲ್ಲಗೆ, "ಈ ಮಾತು ಹೇಳಾಕೆ ನಾನೇ ಎಷ್ಟು ಸಲ ಫೋನ್ ತಗಂಡಿದೀನೋ..." ಎಂದ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವೇನಂತೀರೋ ಅಂತ..."

"ಥೂ ನಿಮ್ಮ!" ಎಂದು ಅಳುತ್ತಲೇ ನಕ್ಕಳು. ಮರುಕ್ಷಣ ಭಯವಾಯಿತು. "ನಿಮ್ಮ ಜನ ಬ್ಯಾರೆ, ನಮ್ಮ ಜನ ಬ್ಯಾರೆ. ಅಮ್ಮಂಗೆ ಹೆಂಗೆ ಹೇಳೋದು?"

ಅವನು ಸೀದಾ ಒಳಗೆ ನಡೆದ!

"ಅಮ್ಮಾ, ನಿಮ್ಮ ಮಗಳನ್ನ ಕೇಳಾಕೆ ಬಂದಿದೀನಿ."

ಉಣ್ಣೆ ನೂಲುತ್ತಿದ್ದ ಗಂಗಕ್ಕನ ಕೈ ನಿಂತಿತು. ದೇವಿಕಾ ಬಾಗಿಲಲ್ಲೇ ನಿಂತಳು. ಗಂಗಕ್ಕ ನೂಲನ್ನು ಪಕ್ಕಕ್ಕಿಟ್ಟಳು.

"ಸೂತಕಕ್ಕೆ ಕಾದಂಗೆ ಇದಕ್ಕೂ ನಾನು ಹೇಳೋ ತನಕ ಕಾಯ್ತೀಯೇನೋ ಅಂದ್ಕಂಡಿದ್ದೆ ಕಣಪ್ಪ. ಕುಂತ್ಕ. ನಿಮ್ಮನೆ ಹಿರಿಯರನ್ನ ಕರ್ಕಂಬಾ, ಮಾತಾಡಾಣ."

ಕಾಫಿ ಕೊಡುವಾಗ ದೇವಿಕಾ ಬಗ್ಗಿ ಪಿಸುಗುಟ್ಟಿದಳು. "ಒಳಗೆ ಹೋಗಿ ಕೇಳು ಅಂತ ನಿಮಗ್ಯಾರು ಹೇಳಿದ್ರು?"

ಅವನು ಮೊದಲ ಬಾರಿ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಯಾರೂ ಹೇಳ್ಲಿಲ್ಲ ದೇವಿಕಾ."