ಬೀಟೆ ಮರದ ಹಸು

೨೦೦೮ರ ಸೆಪ್ಟೆಂಬರ್ ೧೭, ಬೆಳಿಗ್ಗೆ ಹತ್ತೂಕಾಲು. ನರಸಿಂಹರಾಜಪುರದ ವ್ಯಾಪಾರಿ ಪ್ರಸನ್ನಕುಮಾರ್ ಠಾಣೆಗೆ ಬಂದು ದೂರು ಕೊಟ್ಟರು. ಪಡಸಾಲೆಯ ಗಾಜಿನ ಕಪಾಟಿನಲ್ಲಿದ್ದ, ಕರುವನ್ನು ನೆಕ್ಕುವ ಹಸುವಿನ ಬೀಟೆ ಮರದ ಕೆತ್ತನೆ ಕಳುವಾಗಿತ್ತು. ಸಬ್ ಇನ್‌ಸ್ಪೆಕ್ಟರ್ ಮಹೇಶ್ವರ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ರಘುಪತಿಯೊಡನೆ ಸ್ಥಳ ಪಂಚನಾಮೆಗೆ ಹೊರಟರು.

ಬೀಗ ಒಡೆದಿರಲಿಲ್ಲ. ಪಕ್ಕದ ಬೆಳ್ಳಿ ದೀಪಗಳು ಇದ್ದಲ್ಲೇ ಇದ್ದವು. ಪೀಠಕ್ಕಿದ್ದ ಹಿತ್ತಾಳೆ ಫಲಕವನ್ನು ಮಾತ್ರ ಯಾರೋ ಬಿಚ್ಚಿ, ಬೋರಲು ಹಾಕಿ ಹೋಗಿದ್ದರು. ಮಹೇಶ್ವರ ಮಗುಚಿ ಓದಿದರು: 'ಪ್ರಸನ್ನಕುಮಾರ್ ಸಂಗ್ರಹ'. ಹಣದಾಸೆಯ ಕಳ್ಳನಿಗೆ ಈ ಫಲಕದ ಮೇಲೇಕೆ ಸಿಟ್ಟು?

"ಕೆತ್ತಿದ್ದು ಯಾರು?"

"ಯಾರೋ ಬಡಗಿ. ಅಪ್ಪನ ಕಾಲದ್ದು."

"ಗೋದಾವರಮ್ಮನ ಗಂಡ," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು ಕೃತಿಕಾ.

ಗೋದಾವರಿ ಆ ಮನೆಯ ಅಜ್ಜಿಯನ್ನು ನೋಡಿಕೊಳ್ಳುವವಳು. ಹಿಂದಿನ ದಿನವಷ್ಟೇ ರಜೆ ಹಾಕಿ ಊರಿಗೆ ಹೋಗಿದ್ದಳು. ಮಿಕ್ಕ ಕತೆಯನ್ನು ಕೃತಿಕಾ ಹೇಳಿದಳು. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಹಡಗಿನ ಪ್ರವಾಸ ಹೋದಾಗ ಅಜ್ಜಿಯ ಜೊತೆಗೆ ಗೋದಾವರಿಯೂ ಹೋಗಿದ್ದಳು. ಹಡಗು ರಷ್ಯಾದ ಬಂದರಿನಲ್ಲಿ ನಿಂತಾಗ ಹಳೆಯ ಅರಮನೆಯೊಂದರಲ್ಲಿರುವ ಅಲ್ಲಿನ ಹೆಸರಾಂತ ಮ್ಯೂಸಿಯಂ ನೋಡಲು ಹೋದರು. ಎಲ್ಲರೂ ಬಂಗಾರದ ಚಾವಣಿ ನೋಡುತ್ತಿದ್ದರೆ, ಗಾಲಿಕುರ್ಚಿ ತಳ್ಳುತ್ತಿದ್ದ ಗೋದಾವರಿ ಒಂದೊಂದು ವಸ್ತುವಿನ ಮುಂದೆಯೂ ನಿಂತು, ಕೆಳಗಿನ ಚೀಟಿಯಲ್ಲಿ ಏನಿದೆಯೆಂದು ಕೃತಿಕಾಳಿಂದ ಓದಿಸುತ್ತಿದ್ದಳು. ಊರಿಗೆ ಮರಳಿದ ಮೇಲೆ, ಹಸುವಿನ ಕೆಳಗೆ ತನ್ನ ಗಂಡನ ಹೆಸರು ಬರೆಸಿ ಎಂದು ಕೇಳಿದಳು. ಪ್ರಸನ್ನಕುಮಾರ್ ನಕ್ಕುಬಿಟ್ಟರು.

ಮಧ್ಯಾಹ್ನ ರಘುಪತಿ ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿದ. ಶೃಂಗೇರಿ ಬಸ್ಸಿನ ಕಂಡಕ್ಟರಿಗೆ ಚೆನ್ನಾಗಿ ನೆನಪಿತ್ತು. ಗೋದಾವರಿ ಕಂಬಳಿ ಸುತ್ತಿದ ಗಂಟನ್ನು ಕೆಳಗಿಡಲು ಒಪ್ಪದೆ, ಅದಕ್ಕೂ ಒಂದು ಟಿಕೆಟ್ ತೆಗೆದು ಕಿಟಕಿ ಪಕ್ಕ ಕೂರಿಸಿಕೊಂಡಿದ್ದಳಂತೆ.

ಮರುದಿನ ಹನ್ನೊಂದಕ್ಕೆ, ಶೃಂಗೇರಿ ಠಾಣೆಯ ಮಹಿಳಾ ಕಾನ್‌ಸ್ಟೆಬಲ್‌ರನ್ನೂ ಕರೆದುಕೊಂಡು ಗೋದಾವರಿಯ ಊರಾದ ಮೆಣಸೆಗೆ ಹೋದರು. ಮಾಲು ಗುರುತಿಸಲು ಪ್ರಸನ್ನಕುಮಾರರೂ ಬಂದಿದ್ದರು. ಹುಡುಕುವ ಕೆಲಸವೇ ಇರಲಿಲ್ಲ. ಜಗಲಿಯ ಬೆಂಚಿನ ಮೇಲೆ ಹಸು ನಿಂತಿತ್ತು. ಕೆಳಗೆ ರಟ್ಟಿನ ಮೇಲೆ ದಪ್ಪಕ್ಷರ: 'ಕೆತ್ತಿದವನು ಬೂತಪ್ಪ, ಮೆಣಸೆ'. ಅಕ್ಕಪಕ್ಕದವರು ನಿಂತು ನೋಡುತ್ತಿದ್ದರು.

"ಕದ್ದಿದ್ದು ನೀವೇನಾ, ಗೋದಾವರಮ್ಮ?"

"ತಂದಿದ್ದು ನಾನೇ ಸಾರ್. ಕಪಾಟಿನ ಬೀಗದ ಕೈ ತಗೊಳ್ಳಿ."

ಎಲ್ಲರೆದುರು ಕ್ಷಮೆ ಕೇಳಿದರೆ ರಾಜಿಯಾಗುತ್ತೇನೆ ಎಂದರು ಪ್ರಸನ್ನಕುಮಾರ್. ಗೋದಾವರಿ ಅವರನ್ನೇ ನೆಟ್ಟಗೆ ನೋಡಿದಳು.

"ಹಸು ನಿಮ್ದೇ ಸಾವ್ಕಾರ್ರೆ, ಇಲ್ಲ ಅನ್ನಲ್ಲ. ಹದಿನಾಲ್ಕು ತಿಂಗಳು ಕೂತು ಕೆತ್ತಿದ್ದು ನಮ್ಮನೆಯವ್ರು. ಆ ಅರಮನೇಲಿ ಮಡಕೆ ಮಾಡ್ದವನ ಹೆಸ್ರೂ ಬರ್ದಿಟ್ಟಿದ್ರು. ಜೈಲಿಗೆ ಬೇಕಾದ್ರೆ ಬತ್ತೆ, ಕ್ಷಮೆ ಕೇಳಲ್ಲ."

ಹನ್ನೆರಡು ನಲವತ್ತಕ್ಕೆ ಅವಳನ್ನು ದಸ್ತಗಿರಿ ಮಾಡಲಾಯಿತು. ಜಪ್ತಿ ಪಂಚನಾಮೆಗೆ ರುಜು ಹಾಕುವ ಮೊದಲು ಓದಿ ಹೇಳಿ ಎಂದಳು. ರಘುಪತಿ 'ಮರದ ಹಸು ಒಂದು' ಎಂದು ಓದಿದಾಗ ಪೆನ್ನನ್ನು ಕೆಳಗಿಟ್ಟಳು. ಮಹೇಶ್ವರ ಹಾಳೆ ಎಳೆದುಕೊಂಡು, 'ಮೆಣಸೆಯ ಬೂತಪ್ಪ ಕೆತ್ತಿದ' ಎಂದು ಮೇಲೆ ಸೇರಿಸಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ, ಕದ್ದದ್ದನ್ನು ಊರಿಗೆಲ್ಲ ಕಾಣುವಂತೆ ಇಟ್ಟುಕೊಂಡ ಆರೋಪಿಯನ್ನು ಅವರು ಕಂಡಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಹಸುವೇ ಅಲ್ಲ.

ಗೋದಾವರಿ ಇನ್ನೊಮ್ಮೆ ಓದಿಸಿ ಕೇಳಿ ರುಜು ಹಾಕಿದಳು. ಮಾಲು ಗುರುತಿಸಿದವರೆಂದು ಪ್ರಸನ್ನಕುಮಾರರೂ ಅದೇ ಹಾಳೆಗೆ ರುಜು ಹಾಕಬೇಕಾಯಿತು.